ಮೊಟ್ಟೆ ಕೋಣೆಯ ಆಪರೇಟರು

ಕೊಳ್ಳೇಗಾಲದಲ್ಲಿ ರೇಷ್ಮೆ ಮೊಟ್ಟೆಗಳನ್ನು ತಂಪಾಗಿಡುವ ಕೋಣೆಗೆ ಆಪರೇಟರ್ ಗುರುಪಾದಸ್ವಾಮಿಯವರೇ ಧಣಿ ಎಂದು ಸುತ್ತಲಿನ ಹಳ್ಳಿಗಳು ನಂಬಿದ್ದವು, ಅವರೂ ನಂಬಿದ್ದರು. ಕರೆಂಟು ಹೋಯಿತೆಂದರೆ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಓಡಿಬಂದು, ಹ್ಯಾಂಡಲ್ ತಿರುಗಿಸಿ ಡೀಸೆಲ್ ಎಂಜಿನ್ ಎಬ್ಬಿಸುವರು. ಸೆಕೆಗೆ ಮೊಟ್ಟೆ ಮುಂಚೆಯೇ ಒಡೆದರೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪೆಲ್ಲಿಂದ ತರುವುದು? ಥರ್ಮಾಮೀಟರನ್ನಂತೂ ಅವರು ನೋಡುತ್ತಲೇ ಇರಲಿಲ್ಲ. ಬಾಗಿಲಿಗೆ ಕೆನ್ನೆ ಒತ್ತಿ ಡಿಗ್ರಿ ಹೇಳುವರು. ಎಪ್ಪತ್ಮೂರನೇ ಇಸವಿಯಲ್ಲಿ, ಕರೆಂಟು ಹೋದರೆ ತಾನೇ ಎಂಜಿನ್ ಎಬ್ಬಿಸುವ ಆಟೋಮ್ಯಾಟಿಕ್ ಪೆಟ್ಟಿಗೆಯೊಂದು ಬಂದು ಗೋಡೆಗೆ ಕೂತಾಗ, “ಇದ್ಕೇನ್ ಕೆನ್ನೆ ಇದ್ದದಾ ಸಾ?” ಎಂದು ಅದನ್ನು ಹಾಕಿಸಿದ ರೇಷ್ಮೆ ಇಲಾಖೆಯ ಸಾಹೇಬರನ್ನೇ ಕೇಳಿದ್ದರು. ಆ ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟು ಹೋದಾಗ ಅವರು ಕ್ಷೌರದಂಗಡಿಯಲ್ಲಿ ಮುಖದ ತುಂಬ ಸೋಪಿನ ನೊರೆ ಹಚ್ಚಿಸಿಕೊಂಡು ತೂಕಡಿಸುತ್ತಿದ್ದರು. ಅರ್ಧ ಗಡ್ಡ ಹೊತ್ತು ಪೇಟೆಬೀದಿಯಲ್ಲಿ ಓಡಿಬಂದರೆ, ಎಂಜಿನ್ ಆಗಲೇ ತಾನಾಗಿ ಎದ್ದು ಗುಡುಗುಡು ಅನ್ನುತ್ತಿತ್ತು. ಪೆಟ್ಟಿಗೆಯ ಮೇಲೆ ಪುಟ್ಟದೊಂದು ಕೆಂಪು ದೀಪ ಉರಿಯುತ್ತಿತ್ತು. ಆದರೆ ಬೀದಿಯವರು ಕಂಡದ್ದು ಆ ಓಟವನ್ನು ಮಾತ್ರ. ಮರುದಿನ ಮೊಟ್ಟೆ ಒಯ್ಯಲು ಧನಗೆರೆಯಿಂದ ಬಂದ ಪುಟ್ಟಮಲ್ಲಮ್ಮ, “ಅರ್ದ ಗಡ್ಡದಲ್ಲೇ ಓಡ್ಬಂದು ನಮ್ ಮೊಟ್ಟೆ ಉಳ್ಸುದ್ರಂತಲ್ಲಪ್ಪ” ಎಂದು ಕೈಮುಗಿದಳು. ಇಲ್ಲ ಎನ್ನಲು ಬಾಯಿ ತೆರೆದವರು, “ನಮ್ ಕೆಲ್ಸ ಅಲ್ವೇನವ್ವ” ಎಂದುಬಿಟ್ಟರು. ಅಂದಿನಿಂದ ಅವರು ಬಾಗಿಲಿಗೆ ಕೆನ್ನೆ ಒತ್ತಿಲ್ಲ. ದಿನಾ ಬೆಳಿಗ್ಗೆ ಹೆಗಲ ಮೇಲಿನ ಟವೆಲಿನಿಂದ ಪೆಟ್ಟಿಗೆಯ ಧೂಳು ಒರೆಸುತ್ತಾರೆ, ಕೆಂಪು ದೀಪವನ್ನು ಮಾತ್ರ ನೇರ ನೋಡುವುದಿಲ್ಲ. ಬಂದ ರೈತರು ಕೈಮುಗಿದರೆ ತಲೆತಗ್ಗಿಸಿ ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾರೆ, ಆ ನಮಸ್ಕಾರ ಬೆನ್ನ ಹಿಂದಿನ ಪೆಟ್ಟಿಗೆಗೆ ಸಲ್ಲಲಿ ಎಂದು. ರೈತರು ಅದನ್ನು ವಿನಯವೆಂದುಕೊಂಡು, ಅವರತ್ತ ತಿರುಗಿ, ಇನ್ನೊಮ್ಮೆ ಕೈಮುಗಿಯುತ್ತಾರೆ.