ತಾಮ್ರದ ಕೊಡದ ನೀರು

ಪಂಚಾಯಿತಿಯವರು ನೀರು ಪರೀಕ್ಷೆಯ ತರಬೇತಿ ಕೊಡಿಸಿ ಸಣ್ಣ ಸೀಸೆಗಳ ಪೆಟ್ಟಿಗೆಯೊಂದನ್ನು ಕೈಗಿಟ್ಟ ದಿನದಿಂದ ಊರಿನ ನೀರೆಲ್ಲ ನನ್ನ ಗುಮಾನಿಗೆ ಬಿತ್ತು. ಸೀಸೆಗೆ ನೀರು ತುಂಬಿ ಎರಡು ದಿನ ಬೆಚ್ಚಗಿಡಬೇಕು. ಹೊಲಸು ಸೇರಿದ್ದರೆ ಕಪ್ಪಾಗುತ್ತದೆ. ಇಷ್ಟೇ ವಿದ್ಯೆ. ಆದರೂ ಬೆಳಗಾದರೆ ಮುಖ ತೊಳೆಯುವ ಮೊದಲೇ ಸೀಸೆ ನೋಡಲು ಓಡುತ್ತಿದ್ದೆ.

ನಮ್ಮೂರು ಆಲಮೇಲದ ಆಚೆ, ಭೀಮೆಯ ದಂಡೆಯಲ್ಲಿದೆ. ಹೊಳೆಯ ನೀರೇ ಟಾಕಿಗೆ ಏರಿ ನಳಕ್ಕೆ ಬರುತ್ತದೆ. ಆ ಮಳೆಗಾಲದಲ್ಲಿ ಹೊಳೆಯ ಸೀಸೆ ಕಪ್ಪಾಯಿತು, ಮನೆಮನೆಯ ಸೀಸೆಗಳೂ ಕಪ್ಪಾದವು. ಓಣಿಯ ಕೊನೆಯ ಮನೆಯ ಆಯಿಯ ಕೊಡದ ನೀರು ಮಾತ್ರ, ಮೂರು ಸಲ ತುಂಬಿದರೂ, ಬಣ್ಣ ಬದಲಿಸಲಿಲ್ಲ.

ಇದೆಂಥ ಸೋಜಿಗ? ನಾನು ತಲೆ ಕೆಡಿಸಿಕೊಂಡೆ. ಅವರದು ತಾಮ್ರದ ಕೊಡ. ತಾಮ್ರ ನೀರನ್ನು ಶುದ್ಧ ಮಾಡುತ್ತದೆಂದು ಎಲ್ಲೋ ಕೇಳಿದ್ದೆ. ಗುಟ್ಟು ಸಿಕ್ಕಿತೆಂದು ಬೀಗಿದೆ. ಉಳಿದ ಮನೆಗಳಿಗೆಲ್ಲ ನೀರು ಕಾಯಿಸಿ ಕುಡಿಯಲು ಹೇಳಿ, ಆಯಿಗೆ ಮಾತ್ರ, "ನೀ ಕಾಯ್ಸೂದು ಬ್ಯಾಡ ಬಿಡು," ಅಂದೆ.

ವಾರದೊಳಗೆ ಆಯಿಯ ಸೊಸೆಗೆ ವಾಂತಿ-ಭೇದಿ ಹಿಡಿಯಿತು. ಅವಳು ಏಳು ತಿಂಗಳ ಬಸುರಿ. ಸಿಂದಗಿಯ ಆಸ್ಪತ್ರೆಗೆ ಸೇರಿಸಿದ್ದಾರೆಂದು ಕೇಳಿದೆ. ನೇರ ಆಯಿಯ ಅಡುಗೆಮನೆಗೇ ನುಗ್ಗಿದೆ. ತಾಮ್ರದ ಕೊಡದ ಹಿಂದೆ ಒಂದು ಪ್ಲಾಸ್ಟಿಕ್ ಕೊಡವಿತ್ತು. ಇಷ್ಟು ದಿನ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಇದೇನೆಂದು ಕೇಳಿದೆ.

"ಅದು ನಳದ್ದು, ನಾವು ಕುಡ್ಯೂದು," ಅಂದಳು ಆಯಿ. "ತಾಮ್ರದ್ದು ಬಂದ ಮಂದೀಗಿ. ಆಲಮೇಲದಿಂದ ಫಿಲ್ಟರ್ ನೀರಿನ ಒಂದ ಕ್ಯಾನ್ ತರಸ್ತೇನಿ. ಮನೀಗಿ ಬಂದವ್ರಿಗೆ ರಾಡಿ ನೀರು ಹೆಂಗ ಕೊಡೂದು, ಯವ್ವಾ?"

ನನ್ನ ಸೀಸೆಯೂ ಅವಳಿಗೆ ಮನೆಗೆ ಬಂದ ಅತಿಥಿಯೇ ಆಗಿತ್ತು. ಪ್ಲಾಸ್ಟಿಕ್ ಕೊಡದಿಂದ ಒಂದು ಸೀಸೆ ತುಂಬಿ ಒಯ್ದೆ. ಎರಡನೆಯ ದಿನ ಕಾಯುವ ಅಗತ್ಯವೇ ಬೀಳಲಿಲ್ಲ. ಕಪ್ಪು ಸೀಸೆ ಹಿಡಿದು ಹೋಗಿ, ತಪ್ಪು ನನ್ನದೆಂದು ಆಯಿಗೆ ಹೇಳಿದೆ. ನನ್ನ ಮೇಲೆ ನನಗೇ ಹೇಸಿಗೆ ಬಂದಿತ್ತು. ಹೋದಾಗಲೆಲ್ಲ ಬೆಲ್ಲ ಕಡಿದು, ಆ ಕೊಡದ ನೀರು ಕುಡಿದು, ಎಷ್ಟು ಸಿಹಿ ಎಂದು ಹೊಗಳಿದ್ದೆ. ಅದನ್ನು ತಂದು ಕೊಡುತ್ತಿದ್ದವಳು ಆ ಸೊಸೆಯೇ.

ದೇವರ ದಯೆ, ಹೊಟ್ಟೆಯಲ್ಲಿನ ಕೂಸಿಗೆ ಏನೂ ಆಗಲಿಲ್ಲ. ಸೊಸೆ ಮನೆಗೆ ಬಂದ ಮೇಲೆ ನೋಡಲು ಹೋದೆ. ಬೇಡವೆಂದರೂ ಎದ್ದು, ತಾಮ್ರದ ಕೊಡದಿಂದ ನೀರು ತುಂಬಿ ತಂದಳು. ನಾನು ತಂಬಿಗೆಯನ್ನು ಅವಳ ಕೈಗೇ ತಿರುಗಿ ಕೊಟ್ಟೆ.

"ಮೊದಲ ನೀ ಕುಡಿ."

ಅವಳು ಅತ್ತೆಯ ಮುಖ ನೋಡಿದಳು. ಆಯಿ ಸೊಸೆಯ ಹೊಟ್ಟೆಯನ್ನೊಮ್ಮೆ ನೋಡಿದಳು. ಆಮೇಲೆ, "ಕುಡಿ," ಅಂದಳು.

ಸೊಸೆ ನಿಂತಲ್ಲೇ ಇಡೀ ತಂಬಿಗೆ ನೀರು ಕುಡಿದಳು.