ತಮ್ಮನ ಎಡಗಿವಿ

ನನ್ನ ತಮ್ಮನ ಎಡಗಿವಿ ಕೆಡಿಸಿದವಳು ನಾನೇ. ಜ್ವರ ಬಂದು ಕಿವಿ ಹೋಯಿತು ಎಂದು ಅವನು ಕೇಳಿದವರಿಗೆಲ್ಲ ಹೇಳುತ್ತಾನೆ. ಶುದ್ಧ ಸುಳ್ಳು. ಹಾಡಹಗಲು, ಲಕ್ಷ್ಮೇಶ್ವರದ ಬಜಾರದಲ್ಲಿ, ಅವನ ಹೊಲಿಗೆ ಅಂಗಡಿಯೊಳಗೆ, ಗಿರಾಕಿಗಳು ಕಣ್ಣುಬಿಟ್ಟು ನೋಡುತ್ತಿರುವಾಗ ಈ ಬಲಗೈಯಿಂದ ಅವನ ಕಪಾಳಕ್ಕೆ ಬಾರಿಸಿದೆ. ಐವತ್ತಾರು ವರ್ಷದ ಹೆಂಗಸಿನ ಕೈ ಎಂದು ಹಗುರ ಮಾಡಬೇಡಿ. ಹುಟ್ಟಿದಾಗಿನಿಂದ ಮಗ್ಗದ ಮನೆಯಲ್ಲಿ ದುಡಿದ ಕೈ ಇದು.

ನಮ್ಮ ಮನೆತನದಲ್ಲಿ ಕೈ ಮೊದಲು, ಬಾಯಿ ಆಮೇಲೆ. ಬೆಟಗೇರಿಯ ನಮ್ಮ ಮನೆಯಲ್ಲಿ ಸೀರೆಯ ಅಂಚಿಗೆ ಒಂದು ಎಳೆ ತಪ್ಪಿದರೆ ಅಪ್ಪ ಕೈಗೆ ಸಿಕ್ಕಿದ್ದನ್ನು ಎತ್ತಿ ಒಗೆಯುತ್ತಿದ್ದ. ಒಮ್ಮೆ ಲಾಳಿ ಒಗೆದ. ಮಗ್ಗದಲ್ಲಿ ನೂಲು ಹೊತ್ತು ಆಚೆ ಈಚೆ ಓಡುವ ಆ ಮರದ ತುಂಡಿನ ಎರಡೂ ತುದಿಗೆ ಕಬ್ಬಿಣದ ಮೊನೆ ಇರುತ್ತದೆ. ಅದು ಅವ್ವನ ಹುಬ್ಬು ಸೀಳಿತು. ಅವ್ವ ಸೆರಗಿನಿಂದ ರಕ್ತ ಒರೆಸಿಕೊಂಡವಳೇ ಅದೇ ಲಾಳಿ ಎತ್ತಿ ಅಪ್ಪನ ಮೊಣಕಾಲಿಗೆ ಬೀಸಿದಳು. ಎರಡು ದಿನ ಮಗ್ಗ ನಿಂತಿತ್ತು.

ಅವ್ವ ಸತ್ತಾಗ ತಮ್ಮನಿಗೆ ಆರು ವರ್ಷ, ನನಗೆ ಹದಿನಾಲ್ಕು. ಅವನಿಗೆ ಉಣಿಸಿದವಳು, ತಲೆ ಬಾಚಿದವಳು, ಹೊಡೆದವಳು ಎಲ್ಲ ನಾನೇ. ಶಾಲೆ ತಪ್ಪಿಸಿದ್ದಕ್ಕೆ ಒಂದು ಸಲ ಬೆನ್ನ ಮೇಲೆ ಬಾಸುಂಡೆ ಏಳುವ ಹಾಗೆ ಬಡಿದಿದ್ದೆ, ಆ ಸಂಜೆ ಅಳುತ್ತಾ ನಾನೇ ಅದಕ್ಕೆ ಎಣ್ಣೆ ಹಚ್ಚಿದ್ದೆ. ಅವನು ಒಮ್ಮೆಯೂ ನನ್ನ ಮೇಲೆ ಕೈ ಎತ್ತಲಿಲ್ಲ. ಆ ಮನೆಯಲ್ಲಿ ಹುಟ್ಟಿ ಅವನೊಬ್ಬ ಹಾಗೆ ಹೇಗಾದನೋ ತಿಳಿಯದು.

ಆ ಹೊಡೆತಕ್ಕೆ ಕಾರಣವಾದ ಸಂದೇಶ ಫೋನಿಗೆ ಬಂದದ್ದು ನಾನು ರೊಟ್ಟಿ ಬಡಿಯುತ್ತಿದ್ದಾಗ. ತಮ್ಮನ ನಂಬರು, ತಮ್ಮನ ಫೋಟೋ. 'ನಮ್ಮ ಮನೆಯ ಮದುವೆ. ಕರೆಯೋಲೆ ನೋಡಿ. ತಪ್ಪದೆ ಬನ್ನಿ.' ಕೆಳಗೆ ಒತ್ತಿ ತೆರೆಯುವಂಥದ್ದು ಏನೋ ಇತ್ತು.

ಅವನ ಮಗಳನ್ನು ಮುಂಡರಗಿಯ ಕಡೆಯವರು ನೋಡಿಕೊಂಡು ಹೋದದ್ದು ನನಗೆ ಗೊತ್ತಿತ್ತು. ಮಾತುಕತೆಗೆ ಇವತ್ತು ಕರೆಯುತ್ತಾನೆ, ನಾಳೆ ಕರೆಯುತ್ತಾನೆ ಎಂದು ಕಾಯುತ್ತಿದ್ದೆ. ಆ ಹುಡುಗಿಗೆ ನಾನು ಸೋದರತ್ತೆ. ನಮ್ಮಲ್ಲಿ ಸೋದರತ್ತೆಯನ್ನು ಕರೆಯಲು ಗಂಡ ಹೆಂಡತಿ ಇಬ್ಬರೂ ಮನೆಗೆ ಬರಬೇಕು, ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬಬೇಕು, ಆಮೇಲೆ ಕಾರ್ಡು ಕೈಯಲ್ಲಿ ಇಡಬೇಕು. ಹಾಗೆ ಕರೆಸಿಕೊಳ್ಳದೆ ಹೋದವರು ಬರೀ ಊಟಕ್ಕೆ ಬಂದವರು. ಹಿಟ್ಟಿನ ಕೈಯಿಂದಲೇ ಒತ್ತಿದೆ. ಅದು ತೆರೆಯಲಿಲ್ಲ, ಬದಲಿಗೆ ಏನೇನೋ ಒಪ್ಪಿಗೆ ಕೇಳಿತು. ಸಿಟ್ಟಿನಲ್ಲಿ ಎಲ್ಲದಕ್ಕೂ ಹೂಂ ಎಂದು ಒತ್ತುತ್ತಾ ಹೋದೆ. ಕರೆಯೋಲೆಯಂತೂ ಕಾಣಲಿಲ್ಲ.

ಮಗ್ಗದಲ್ಲಿ ಕೂತಿದ್ದ ನನ್ನ ಗಂಡ ನನ್ನ ಕೂಗಾಟ ಕೇಳಿ ಕೈ ನಿಲ್ಲಿಸಿದರು. "ಅವಗ ಒಂದ್ ಫೋನ್ ಹಚ್ಚಿ ಕೇಳ. ಖರೆನೋ ಸುಳ್ಳೋ ತಿಳೀತೈತಿ" ಎಂದರು.

"ನಾ ಯಾಕ ಕೇಳ್ಲಿ? ಹೋಗಿ ಕಪಾಳಕ್ಕ ಕೊಟ್ಟಾ ಕೇಳ್ತೀನಿ" ಎಂದೆ.

ಈಗ ಕೂತು ನೆನೆದರೆ ನನಗೇ ನಾಚಿಕೆಯಾಗುತ್ತದೆ. ತಮ್ಮ ಜನ್ಮದಲ್ಲಿ ಅಕ್ಷರ ಒತ್ತಿ ಕಳಿಸಿದವನಲ್ಲ. ಅವನದೇನಿದ್ದರೂ ಧ್ವನಿ, ಹಿಂದೆ ಹೊಲಿಗೆ ಯಂತ್ರದ ಕಟಕಟ. ಸಂದೇಶದಲ್ಲಿ ಹುಡುಗಿಯ ಹೆಸರಿರಲಿಲ್ಲ, ಗಂಡಿನ ಊರಿರಲಿಲ್ಲ, ಮುಹೂರ್ತವಿರಲಿಲ್ಲ. ಯಾರ ಮನೆಗೆ ಬೇಕಾದರೂ ಹೊಂದುವ ಮೂರು ಮಾತು. ಎಲ್ಲಕ್ಕಿಂತ ಮುಖ್ಯವಾಗಿ, ನನ್ನ ತಮ್ಮ ನನ್ನನ್ನು ಫೋನಿನಲ್ಲಿ ಮದುವೆಗೆ ಕರೆಯುವವನೇ ಅಲ್ಲ. ಇದು ಅವನದಲ್ಲ ಎಂದು ಯಾವುದರಿಂದ ತಿಳಿಯಬೇಕಿತ್ತೋ, ಅದಕ್ಕೇ ನಾನು ಉರಿದುಬಿದ್ದೆ. ಮೋಸಗಾರರು ನನ್ನನ್ನು ಅರ್ಧ ಮಾತ್ರ ಮೋಸ ಮಾಡಿದರು. ಉಳಿದರ್ಧ ನಾನೇ ಮಾಡಿಕೊಂಡೆ.

ಮರುದಿನ ಬೆಳಿಗ್ಗೆ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಚೀಲದಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು. ಆರು ಸಲ ತಮ್ಮನ ನಂಬರು. ಈಗ ಬೆಣ್ಣೆ ಹಚ್ಚಲು ಬಂದ ಎಂದುಕೊಂಡು ಅದರ ಬಾಯಿ ಮುಚ್ಚಿಸಿದೆ.

ಅಂಗಡಿಯಲ್ಲಿ ಅವನು ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡು ಫೋನು ಹಿಡಿದು ನಿಂತಿದ್ದ. ನನ್ನನ್ನು ಕಂಡು ಅವನ ಮುಖ ಅರಳಿತು. "ಯಕ್ಕಾ, ಬಂದ್ಯಾ? ಛಲೋ ಆತು, ಆ ಮೆಸೇಜ್..." ಎನ್ನುವಷ್ಟರಲ್ಲಿ ಹೊಡೆದೆ. ಅವನ ತಲೆ ಯಂತ್ರದ ಮೇಜಿಗೆ ಬಡಿಯಿತು, ಕತ್ತರಿ ಕೆಳಗೆ ಬಿತ್ತು. ನನಗೆ ಸಾಕಾಗಲಿಲ್ಲ. ಅಳತೆಪಟ್ಟಿ ಹಿಡಿದು ಜಗ್ಗಿ ಎಬ್ಬಿಸಿ ಅದೇ ಜಾಗಕ್ಕೆ ಇನ್ನೊಂದು ಕೊಟ್ಟೆ.

"ಮಗಳ ಮದವಿ ಮಾಡಾಂವಗ ಅಕ್ಕನ ಮನಿ ದಾರಿ ಮರತ್ಹೋತೇನಲೇ?"

ಅವನು ನೆಲಕ್ಕೆ ಕೂತುಬಿಟ್ಟ. "ಯಾವ ಮದವಿ ಯಕ್ಕಾ?" ಎಂದ. ಎಡಗಿವಿಯಿಂದ ರಕ್ತದ ಒಂದು ಗೆರೆ ಇಳಿದು ಅಂಗಿಯ ಕಾಲರಿಗೆ ಹತ್ತಿತು. ಕುಪ್ಪಸ ಹೊಲಿಸಲು ಬಂದಿದ್ದ ಹೆಂಗಸೊಬ್ಬಳು ನನ್ನನ್ನು ಹಿಂದಿನಿಂದ ಹಿಡಿದಳು. ಅವಳ ಎದೆಗೂ ಮೊಣಕೈಯಿಂದ ತಿವಿದೆ. ಆದರೂ ಅವಳು ಬಿಡಲಿಲ್ಲ.

"ನನಗೂ ಬಂದೈತ್ರಿ ಅದು! ಅವರ ಫೋನಿನ್ಯಾಗ ಯಾರೋ ಹೊಕ್ಕಾರ. ಒತ್ತಬ್ಯಾಡ್ರಿ, ಒತ್ತಬ್ಯಾಡ್ರಿ ಅಂತ ಮುಂಜಾನಿಂದ ಎಲ್ಲಾರಿಗೂ ಫೋನ್ ಮಾಡಾಕತ್ತಾರ ಅವರು!"

ಆರು ಸಲ ಫೋನು ಮಾಡಿದ್ದು ಅದಕ್ಕೆ.

ಕಿವಿಯ ಪೊರೆ ಹರಿದಿದೆ ಎಂದರು ಡಾಕ್ಟರು. ತಮ್ಮ ಹತ್ತಿ ಒತ್ತಿ ಹಿಡಿದುಕೊಂಡು ಗೋಡೆ ನೋಡುತ್ತಾ ಕೂತಿದ್ದ. ಅವನ ಹೆಂಡತಿ ನನ್ನ ಮುಂದೆ ಬಂದು ನಿಂತು, ದನಿ ಏರಿಸದೆ, "ಇನ್ನ ನಮ್ಮ ಬಾಗಲಕ್ಕ ಬರಬ್ಯಾಡ್ರಿ" ಎಂದಳು.

ಮಧ್ಯಾಹ್ನದ ಬಸ್ಸಿನಲ್ಲಿ ಹೊರಟೆ. ಮುಳಗುಂದದಲ್ಲಿ ನನ್ನ ನಾದಿನಿ ಹತ್ತಿದಳು. ನನ್ನ ಗಂಡನ ತಂಗಿ. ನಮ್ಮ ಮನೆಗೇ ಹೊರಟಿದ್ದಳು, ನನ್ನನ್ನು ಬಸ್ಸಿನಲ್ಲೇ ಕಂಡಳು. ಏನು ಎತ್ತ ಇಲ್ಲ, ಬಂದವಳೇ ನನ್ನ ತುರುಬು ಹಿಡಿದು ಮುಂದಿನ ಸೀಟಿನ ಕಂಬಿಗೆ ಹಣೆ ಜಜ್ಜಿದಳು.

"ಮಗನ ಮದವೀನ ಫೋನಿನ್ಯಾಗ ಹೇಳ್ತೀರೇನ್ರಿ ವೈನಿ? ಮನಿ ಮಗಳು ನಾ, ಸತ್ತೇನಿ ಅಂತ ತಿಳದೀರೇನ?"

ನನ್ನ ಮಗನಿಗೆ ಆಗ ಹೆಣ್ಣೇ ಗೊತ್ತಾಗಿರಲಿಲ್ಲ. ಆದರೆ ನಾನು ಹೂಂ ಹೂಂ ಎಂದು ಒತ್ತಿದ್ದೆನಲ್ಲ, ಅದೇ ಮೂರು ಮಾತು ಈಗ ನನ್ನ ಹೆಸರಿನಲ್ಲಿ ನನ್ನ ಬಂಧುಬಳಗಕ್ಕೆಲ್ಲ ಹೋಗುತ್ತಿತ್ತು. ಅವಳೂ ನನ್ನ ಮಗನಿಗೆ ಸೋದರತ್ತೆ. ಅವಳಿಗೂ ನನ್ನ ಹಾಗೇ ಉರಿದಿತ್ತು.

ನನ್ನ ಕೈ ತಾನಾಗಿಯೇ ಮೇಲೆದ್ದಿತು. ಬೆರಳ ಸಂದಿಯಲ್ಲಿ ತಮ್ಮನ ರಕ್ತ ಒಣಗಿ ಅಂಟಿಕೊಂಡಿತ್ತು. ಅದನ್ನು ನೋಡಿ ಕೈ ಇಳಿಸಿದೆ. ಅವಳು ಎರಡು ಬಿಗಿದಳು, ತಿಂದೆ. ಮೂರನೆಯದಕ್ಕೆ ಕಂಡಕ್ಟರ್ ಅಡ್ಡ ಬಂದ.

"ಅದನ್ನ ಒತ್ತಿದ್ರೇನ?" ಎಂದು ಮಾತ್ರ ಕೇಳಿದೆ.

"ಒತ್ತದ ಬಿಡ್ತೀನೇನ?" ಎಂದಳು.

ಬ್ಯಾಂಕಿನಲ್ಲಿ ನನ್ನದು ಇದ್ದಷ್ಟೂ ಹೋಯಿತು. ಮಗ ಕಂಪ್ಲೇಂಟು ಕೊಟ್ಟು ಫೋನು ಸ್ವಚ್ಛ ಮಾಡಿಸಿದ. ಅದರ ಮಾತು ಬಿಡಿ, ಅದಕ್ಕೆ ನಾನು ಅಳಲಿಲ್ಲ. ತಮ್ಮನ ಕಿವಿ ಕೀವಾಗಿ, ವಾಸಿಯಾಗಿ, ಮತ್ತೆ ಕೀವಾಗಿ, ಕಡೆಗೆ ಕೇಳುವುದೇ ನಿಂತಿತು ಎಂದು ಬೇರೆಯವರ ಬಾಯಿಂದ ತಿಳಿದ ದಿನ ಅತ್ತೆ.

ನಾಲ್ಕು ತಿಂಗಳು ಮಾತಿಲ್ಲ. ಮುಂಡರಗಿಯ ಸಂಬಂಧ ಗಟ್ಟಿಯಾಯಿತೆಂಬ ಖಬರೂ ಬೇರೆಯವರಿಂದಲೇ ಬಂತು. ಶಿರಹಟ್ಟಿಯ ನೆಂಟರಿಗೆ ಕಾರ್ಡು ಕೊಟ್ಟು ಹೋದರಂತೆ. ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ. ಒಂದು ಮಧ್ಯಾಹ್ನ ಫೋನು ಟಿಂಗ್ ಎಂದಿತು. ತಮ್ಮನ ನಂಬರು. ಮದುವೆ ಕಾರ್ಡಿನ ಫೋಟೋ. ಈ ಸಲ ಹುಡುಗಿಯ ಹೆಸರಿತ್ತು, ಮುಂಡರಗಿ ಇತ್ತು, ಮುಹೂರ್ತವೂ ಇತ್ತು.

ನಾನು ಒತ್ತಲಿಲ್ಲ. ಫೋನನ್ನು ನೆಲದ ಮೇಲಿಟ್ಟು ಅದರ ಮುಂದೆ ಕೂತೆ. ಇದು ಮೋಸವೇ ಆಗಿರಲಿ ದೇವರೇ ಎಂದು ಬೇಡಿಕೊಂಡೆ. ಹಾಗೆ ಬೇಡಿಕೊಂಡವರು ಊರಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ಖರೆ ಆಗಿದ್ದರೆ ಅವನು ನನ್ನನ್ನು ಊಟಕ್ಕೆ ಬರುವವರ ಸಾಲಿಗೆ ಹಾಕಿದ್ದ. ಗಂಡ ಮಗ್ಗ ನಿಲ್ಲಿಸಿ ನನ್ನ ಕಡೆ ನೋಡಿದರು. ಹೇಳಬೇಕಾದದ್ದನ್ನು ನಾಲ್ಕು ತಿಂಗಳ ಹಿಂದೆಯೇ ಹೇಳಿದ್ದರಲ್ಲ. ತಮ್ಮನಿಗೆ ಫೋನು ಹಚ್ಚಿದೆ.

ಆ ಕಡೆ ಯಂತ್ರದ ಕಟಕಟ. ನಾನು ಏನೋ ಅಂದೆ. "ತಡಿ ಯಕ್ಕಾ, ಈ ಕಿವಿಗೆ ಕೇಳಂಗಿಲ್ಲ" ಎಂದ. ಯಂತ್ರ ನಿಂತಿತು. "ಹಾಂ, ಈಗ ಹೇಳು."

"ಕಾರ್ಡ್ ಬಂದೈತಿ. ನೀನಾ ಕಳಿಸೀಯೇನು?"

"ಹುಡುಗಿ ನನ್ನ ಫೋನ್ ತಗೊಂಡು ಎಲ್ಲಾರಿಗೂ ಕಳಿಸ್ಯಾಳ, ನಿನಗೂ ಬಂದೈತಿ. ನಾ ನಿನ್ನ ಫೋನಿನ್ಯಾಗ ಕರೀತೀನೇನ ಯಕ್ಕಾ? ಉಳದದ್ದು ಒಂದಾ ಕಿವಿ" ಎಂದು ನಕ್ಕ. ನನಗೆ ನಗಲಾಗಲಿಲ್ಲ.

ಎರಡು ದಿನ ಬಿಟ್ಟು ಗಂಡ ಹೆಂಡತಿ ಬಂದರು. ಅವನ ಹೆಂಡತಿಯ ಮುಖ ಬಿಗಿದೇ ಇತ್ತು, ಆದರೂ ಕುಂಕುಮ ಹಚ್ಚಿ ಉಡಿ ತುಂಬಿದಳು. ಅವಳು ಎದ್ದು ನೀರು ಕುಡಿಯಲು ಒಳಗೆ ಹೋದಳು. ನಾನು ತಮ್ಮನ ಪಕ್ಕ ಚಾಪೆಯ ಮೇಲೆ ಕೂತು, ಹುಟ್ಟಿದಾಗಿನಿಂದ ಯಾರಿಗೂ ಹೇಳದ ಮಾತನ್ನು ಮೆಲ್ಲಗೆ ಹೇಳಿದೆ.

"ತಪ್ಪಾತೋ ತಮ್ಮಾ."

ಅವನು ಚಹಾ ಊದಿಕೊಂಡು ಕುಡಿಯುತ್ತಾ ಎದುರಿನ ಮಗ್ಗ ನೋಡುತ್ತಲೇ ಇದ್ದ. ನಾನು ಕೂತದ್ದು ಅವನ ಎಡಕ್ಕೆ. ಎದ್ದು ಸುತ್ತಿ ಬಂದು ಬಲಕ್ಕೆ ಕೂತು ಇನ್ನೊಮ್ಮೆ ಹೇಳಿದೆ.