ಕತ್ತಾಳೆ ಬೇಲಿಯ ಅಕ್ಕಯ್ಯಮ್ಮ

ತಮ್ಮ ಸನ್ಮಾನಕ್ಕೆಂದು ಹಾಕಿದ ಕುರ್ಚಿಗಳನ್ನು ಅಕ್ಕಯ್ಯಮ್ಮ ಒಂದೊಂದಾಗಿ ಹೊರಗೆಳೆಯುತ್ತಿದ್ದಾರೆ. ಇನ್ನೂ ಸೂರ್ಯ ಹುಟ್ಟಿಲ್ಲ. ಶಾಮಿಯಾನದ ಅಂಚಿನಲ್ಲಿ ಮಂಡಿಯೂರಿ ಕೂತು, ಹುಣಸೆಕಾಯಿ ಕೀಳುವ ದೋಟಿಯ ಕೊಕ್ಕೆಯನ್ನು ಕುರ್ಚಿಯ ಕಾಲಿಗೆ ಸಿಕ್ಕಿಸಿ ಎಳೆಯುತ್ತಾರೆ. ಒಳಗೆ ಮಾತ್ರ ಕಾಲಿಡುವುದಿಲ್ಲ. ಎಪ್ಪತ್ತೈದು ದಾಟಿದ ಅಜ್ಜಿಗೆ ಇದೇನು ಹುಚ್ಚಪ್ಪಾ ಅಂದುಕೊಂಡು, ಕೈ ಜೋಡಿಸೋಣವೆಂದು ನಾನು ಕೆಂಪು ಜಮಖಾನದ ಕಡೆ ಹೆಜ್ಜೆ ಹಾಕುತ್ತೇನೆ.

"ಏಯ್! ಬರಬೇಡ! ಅಲ್ಲೇ ನಿಂತ್ಕ!"

ಎತ್ತಿದ ಕಾಲನ್ನು ಹಿಂದಕ್ಕೆಳೆದುಕೊಳ್ಳುತ್ತೇನೆ. ಬರೆಯಲೆಂದು ನಸುಕಿನಲ್ಲೇ ಬಂದವಳಿಗೆ ಒಳ್ಳೆಯ ಸ್ವಾಗತ!

ನನ್ನನ್ನು ಇಲ್ಲಿಗೆ ಕರೆದವನು ಚಿರಂಜೀವಿ. ರಾಬರ್ಟ್‌ಸನ್‌ಪೇಟೆಯಲ್ಲಿ ಆಟೊ ಓಡಿಸುತ್ತಾನೆ, ಊರಿನ ಯುವಕ ಸಂಘಕ್ಕೆ ಅಧ್ಯಕ್ಷ. ಊರೆಂದರೆ ಬಂಗಾರಪೇಟೆಯಿಂದ ಚಿನ್ನದ ಗಣಿಯ ಕೋರಮಂಡಲ್ ಕಡೆ ಹೋಗುವಾಗ ಒಳಗೆ ತಿರುಗಿದರೆ ಸಿಗುವ ಚಿಕ್ಕಗುಟ್ಟಹಳ್ಳಿ. "ನಮ್ಮ ಅಜ್ಜಿ ಪರಿಸರ ಪ್ರೇಮಿ ಮೇಡಂ. ಊರ ಸುತ್ತ ಹಸಿರು ಬೆಳೆಸವ್ರೆ. ನೀವು ಬರೀಲೇಬೇಕು" ಎಂದು ಫೋನಿನಲ್ಲಿ ದುಂಬಾಲು ಬಿದ್ದಿದ್ದ. ಅಜ್ಜಿಗೆ ಸುಳಿವೇ ಕೊಡದೆ ಏರ್ಪಾಡು ನಡೆದಿದೆ. ಅವರೂ ಗಂಡ ಮುನಿಸ್ವಾಮಪ್ಪನೂ ನಾಮಕರಣಕ್ಕೆಂದು ಎರಡು ದಿನ ನೆಂಟರ ಮನೆಗೆ ಹೋಗಿದ್ದಾಗ, ಊರಾಚೆಯ ಕತ್ತಾಳೆ ಬೇಲಿಯನ್ನು ಜೆಸಿಬಿಯಿಂದ ಕೀಳಿಸಿ, ನಡುವಿನ ತಗ್ಗಿಗೆ ಟ್ರ್ಯಾಕ್ಟರಿನಲ್ಲಿ ಮಣ್ಣು ಸುರಿಸಿ, ಮಟ್ಟ ಮಾಡಿ, ಅದರ ಮೇಲೆ ಶಾಮಿಯಾನ ಎಬ್ಬಿಸಿದ್ದಾರೆ. ನಿನ್ನೆ ಕೊನೆಯ ಬಸ್ಸಿಗೆ ಹಿಂತಿರುಗಿದ ಅಕ್ಕಯ್ಯಮ್ಮ, ಎರಡು ದಿನ ನೋಡಿಲ್ಲವೆಂದು ಎದ್ದವರೇ ನಸುಕಿನಲ್ಲಿ ಬೇಲಿ ನೋಡಿ ಬರಲು ಹೋದರೆ ಬೇಲಿಯೇ ಇಲ್ಲ.

ಚಿರಂಜೀವಿ ಕಣ್ಣುಜ್ಜಿಕೊಳ್ಳುತ್ತಾ ಓಡಿಬರುತ್ತಾನೆ. ಸಿಟ್ಟು ನೆತ್ತಿಗೇರಿದರೆ ಅಕ್ಕಯ್ಯಮ್ಮನ ಬಾಯಿಗೆ ತೆಲುಗು ಬರುತ್ತದೆ. "ರಾವದ್ದು ರಾ!" ಎಂದು ಅವನನ್ನೂ ತಡೆದು, ಪಕ್ಕದಲ್ಲಿದ್ದ ಗಡಾರಿಯನ್ನು ಅವನ ಕೈಗಿಡುತ್ತಾರೆ. ಹಿಂದಿನಿಂದ ಅವನ ಅಂಗಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ.

"ಚುಚ್ಚು ನೋಡ್ಲಾ. ನಿಂತಲ್ಲಿಂದ್ಲೇ ಚುಚ್ಚು."

ಅವನು ನಗುತ್ತಲೇ ಚುಚ್ಚುತ್ತಾನೆ. ಆಳೆತ್ತರದ ಕಬ್ಬಿಣ ಅವನ ಕೈಯಿಂದ ಜಾರಿ ಪೂರ್ತಿ ಒಳಗೆ ಹೋಗಿಬಿಡುತ್ತದೆ. ಜಮಖಾನದಲ್ಲಿ ಮುಷ್ಟಿಯಷ್ಟು ತೂತು. ಒಂದು ಉಸಿರೆಳೆದು ಬಿಟ್ಟ ಮೇಲೆ, ಎಲ್ಲೋ ಕೆಳಗಿನಿಂದ, ನೀರಿನ ಸದ್ದು.

ದೇವರೇ! ಚಿರಂಜೀವಿ ಜಮಖಾನದಿಂದ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. "ನಿನ್ನೆ ಸಂಜೆ ಮೈಕ್ ಟೆಸ್ಟಿಂಗ್ ಅಂತ ಆಡು ಆಕ್ಕಂಡು ಎಲ್ರೂ ಇದರ ಮ್ಯಾಲೇ ಕುಣಿದ್ವಿ ಅಜ್ಜಿ" ಅನ್ನುತ್ತಾನೆ. ಅಕ್ಕಯ್ಯಮ್ಮ ಅವನ ಬೆನ್ನಿಗೊಂದು ಗುದ್ದು ಕೊಟ್ಟು, ಮರುಕ್ಷಣ ಅದೇ ಬೆನ್ನು ಸವರುತ್ತಾರೆ.

ಗಣಿಯ ಕಾಲದಲ್ಲಿ ಚಿನ್ನ ಹುಡುಕಲು ಯಾರೋ ತೋಡಿ, ಸಿಗದೆ ಬಿಟ್ಟುಹೋದ ಗುಂಡಿಗಳು ಈ ಊರ ಸುತ್ತ ಒಂಬತ್ತಿವೆ. ಇದು ಎಲ್ಲಕ್ಕಿಂತ ಆಳದ್ದು. ಅಕ್ಕಯ್ಯಮ್ಮ ಸೊಸೆಯಾಗಿ ಬಂದಾಗ ಊರಿನವರಿಗೆ ಇದೇ ತಿಪ್ಪೆಗುಂಡಿ. ತೋಡುವ ಕಷ್ಟವಿಲ್ಲದೆ ಸಿಕ್ಕ ಗುಂಡಿಯನ್ನು ಯಾರು ಬಿಡುತ್ತಾರೆ? ಮನೆಮನೆಯ ಸಗಣಿ, ಕಸ, ಬೂದಿ ಎಲ್ಲ ಇದಕ್ಕೇ. ಮೇಲೆ ತುಂಬಿ ಗಟ್ಟಿಯಾದಂತೆ ಕಾಣುತ್ತಿತ್ತು. ಹೆಂಗಸರು ಅದರ ಮೇಲೆಯೇ ನಡೆದು ಹೋಗಿ ಬುಟ್ಟಿ ಬಗ್ಗಿಸುತ್ತಿದ್ದರು. ಕೆಳಗಿನ ನೀರು ಅದನ್ನು ಒಳಗಿಂದೊಳಗೇ ಕರಗಿಸುತ್ತಿದ್ದುದು ಯಾರಿಗೂ ತಿಳಿಯಲಿಲ್ಲ.

"ಪಾಪಕ್ಕ ಅಂತ ನಮ್ಮ ಭಾವನ ಎಂಡ್ತಿ. ಅವಳು ಮುಂದೆ, ನಾನು ಇಂದೆ. ಇಬ್ಬರ ತಲೆ ಮ್ಯಾಲೂ ಸಗಣಿ ಬುಟ್ಟಿ. ಅವಳು ಬಗ್ಗಿಸಿದ್ಲು. ನಾನು ಸೆರಗು ಸಿಗಿಸ್ಕಂಡು ತಲೆ ಎತ್ತಿದ್ರೆ ಅಕ್ಕ ಇಲ್ಲ. ಕೂಗೂ ಇಲ್ಲ ಕಣಮ್ಮ. ಬುಟ್ಟಿ ಮಾತ್ರ ಬಿದ್ದಿತ್ತು."

ಗಣಿಯಲ್ಲಿ ಕೆಲಸ ಮಾಡುವವರು ಹಗ್ಗ ಕಟ್ಟಿಕೊಂಡು ಇಳಿದರು. ಉಸಿರು ಕಟ್ಟುತ್ತದೆಂದು ಮೇಲೆ ಬಂದರು. ಪಾಪಕ್ಕ ಸಿಗಲೇ ಇಲ್ಲ. ಆ ಬುಟ್ಟಿಯನ್ನೇ ಇಟ್ಟುಕೊಂಡು ಕರ್ಮಾಂತರ ಮಾಡಿದರಂತೆ.

ಹದಿನೈದು ದಿನ ಕಳೆಯುವಷ್ಟರಲ್ಲಿ ಅಕ್ಕಯ್ಯಮ್ಮ ಕೆರೆ ಏರಿಯಿಂದ ಕತ್ತಾಳೆ ಮರಿಗಳನ್ನು ಕಿತ್ತು ತಂದು ಗುಂಡಿಯ ಸುತ್ತ ನೆಟ್ಟರು. ಆಮೇಲೆ ಉಳಿದ ಎಂಟಕ್ಕೂ. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಅಲ್ಲಿಂದ ಇಲ್ಲಿಯವರೆಗೂ ಅವರ ದಿನಚರಿ ಬದಲಾಗಿಲ್ಲ. ಎದ್ದು ಎರಡು ಹಸು ಕರೆದು, ಡೈರಿಗೆ ಹಾಲು ಹಾಕಿ, ಹಿತ್ತಿಲ ಕನಕಾಂಬರ ಬಿಡಿಸಿ, ಒಂಬತ್ತು ಬೇಲಿಯನ್ನೂ ಸುತ್ತಿ ಬಂದ ಮೇಲೆಯೇ ಬಾಯಿಗೆ ಮುದ್ದೆ. ಒಣಗಿದ ಕಡೆ ಹೊಸ ಮರಿ ನೆಡುತ್ತಾರೆ. ಮೊಣಕೈತನಕ ಮುಳ್ಳು ಗೀರಿದ ಗುರುತುಗಳಿವೆ. ಕತ್ತಾಳೆ ರಸ ತಾಕಿ ಮೈಯೆಲ್ಲ ತುರಿಸಿದಾಗ ಗಂಡ ಎಣ್ಣೆ ಹಚ್ಚುತ್ತಾರೆ, ಜೊತೆಗೆ ಬೈಗುಳ.

"ಇದೇನು ನಿಮ್ಮಪ್ಪನ ಮನೆ ಆಸ್ತಿನಾ ಅಂತೀನಿ. ಕೇಳಲ್ಲ ಇವಳು" ಅನ್ನುತ್ತಾರೆ ಮುನಿಸ್ವಾಮಪ್ಪ.

ಬೇಲಿ ಬಂದ ಮೇಲೆ ಈ ಊರಿನ ಒಂದು ಮೇಕೆಯೂ ಗುಂಡಿಗೆ ಬಿದ್ದಿಲ್ಲ. ಬಿದ್ದಿಲ್ಲವಾದ್ದರಿಂದ, ಗುಂಡಿ ಇದೆ ಎನ್ನುವುದನ್ನೇ ಊರು ಮರೆತಿದೆ! ವರ್ಷಗಳ ಕಸ, ಬೇರು, ಹುಲ್ಲು ಹೆಣೆದು ಬಾಯಿ ಮುಚ್ಚಿಕೊಂಡ ಅದು ಹೊಸ ತಲೆಮಾರಿಗೆ ಬರೀ ಒಂದು ತಗ್ಗು, ಸುತ್ತ ಹಸಿರು. ಹಾಗಾದರೆ ಹಿರಿಯರು? ಎಂಬತ್ತರ ಚಿಕ್ಕವೆಂಕಟಪ್ಪ ಮಣ್ಣು ಸುರಿಯುವುದನ್ನು ನಿಂತು ನೋಡಿದ್ದಾರೆ. ಸುಮ್ಮನೆ ಯಾಕಿದ್ದಿರಿ ಎಂದು ಕೇಳಿದರೆ, "ಅಷ್ಟು ವರ್ಷ ತಿಪ್ಪೆ ಆಕಿದ್ವಲ್ಲಮ್ಮ, ತುಂಬೋಗಿರ್ತದೆ ಅಂದ್ಕಂಡೆ" ಅನ್ನುತ್ತಾರೆ. ಒಂದು ಜೀವ ನುಂಗಿದ ತಪ್ಪನ್ನೇ ಈ ಊರು ಮತ್ತೆ ಮಾಡಿದೆ, ಅದೂ ಮೈಕ್ ಕಟ್ಟಿ, ಜಮಖಾನ ಹಾಸಿ. ನನಗೆ ಸಿಟ್ಟು ತಡೆಯುವುದಿಲ್ಲ.

"ನಮಗ್ಯಾಕಜ್ಜಿ ಏಳಲಿಲ್ಲ ನೀನು?" ಚಿರಂಜೀವಿಯ ಕಣ್ಣಲ್ಲಿ ನೀರು.

"ಗುಂಡಿ ಅದೆ ಅಂದ್ರೆ ಮಕ್ಕಳು ಬಗ್ಗಿ ನೋಡಕ್ಕೆ ಓಯ್ತವೆ ಕಣ್ಲಾ. ಮುಳ್ಳದೆ ಅಂದ್ರೆ ಓಗಲ್ಲ. ಅದಕ್ಕೇ ಮುಳ್ಳು ಅಂತ ಮಾತ್ರ ಏಳ್ದೆ." ದೋಟಿಯನ್ನು ಕೆಳಗಿಟ್ಟು, "ಅದು ನನ್ನ ತಪ್ಪೇಯ. ನೀವು ಆಗಲೇ ದೊಡ್ಡೋರಾಗಿದ್ರಿ. ನನ್ನ ಕಣ್ಣಿಗೆ ಕಾಣಲಿಲ್ಲ" ಅನ್ನುತ್ತಾರೆ.

ಹುಡುಗರೆಲ್ಲ ಸೇರಿ ಹಗ್ಗ ಕಟ್ಟಿ ಎಳೆದು ಶಾಮಿಯಾನ ಬೀಳಿಸುತ್ತಾರೆ. ಕಂಬವೊಂದು ಬಿದ್ದ ಏಟಿಗೆ ಸುರಿದ ಮಣ್ಣು ಧೊಪ್ಪನೆ ಕುಸಿದು, ಕಪ್ಪು ಬಾಯಿ ತೆರೆದುಕೊಳ್ಳುತ್ತದೆ. ಅದು ಸರಿಯಾಗಿ ವೇದಿಕೆಯ ಮುಂದೆ, ಶಾಲೆಯ ಮಕ್ಕಳನ್ನು ಕೂರಿಸಬೇಕೆಂದಿದ್ದ ಜಾಗ. ಅಕ್ಕಯ್ಯಮ್ಮನ ಸೊಸೆ ಶ್ಯಾಮಲ ಮಗಳನ್ನು ಎಳೆದು ತಬ್ಬಿಕೊಂಡು ಅಳುತ್ತಾರೆ. ಬೇರೆ ಬೇಲಿಗಳಿಂದ ಕತ್ತಾಳೆ ಮರಿ ತರಲು ಹೋದವರು ಬರುವವರೆಗೆ ದೊಡ್ಡವರೆಲ್ಲ ಗುಂಡಿಯ ಸುತ್ತ ದೂರದಲ್ಲಿ ಕಾವಲು ನಿಲ್ಲುತ್ತಾರೆ.

ಹತ್ತು ಗಂಟೆಗೆ ಸನ್ಮಾನ ನಡೆಯುತ್ತದೆ, ಅತ್ತ ರಾಗಿ ಕೊಯ್ದ ಹೊಲದಲ್ಲಿ. ಜನ ನೆಲದ ಮೇಲೆ ಕೂತಿದ್ದಾರೆ. ಶಾಲು, ಹಾರ, ಹಣ್ಣಿನ ತಟ್ಟೆ ಎಲ್ಲ ಬರುತ್ತವೆ. ಚಿರಂಜೀವಿ ಹೊಗಳಲು ಹೋಗಿ ಅರ್ಧಕ್ಕೇ ನಿಲ್ಲಿಸಿ ಮೈಕನ್ನು ಅಜ್ಜಿಗೇ ಕೊಡುತ್ತಾನೆ. ಅಕ್ಕಯ್ಯಮ್ಮ ಮೈಕ್ ಹಿಡಿದದ್ದು ಹುಟ್ಟಿದಾಗಿನಿಂದ ಇದೇ ಮೊದಲು. ಮಕ್ಕಳನ್ನು ಹತ್ತಿರ ಕರೆದು ಮುಂದೆ ಕೂರಿಸಿಕೊಳ್ಳುತ್ತಾರೆ.

"ಅಲ್ಲಿ ಗುಂಡಿ ಅದೆ. ಅದರೊಳಗೆ ನಮ್ಮ ಪಾಪಕ್ಕ ಅವಳೆ" ಅನ್ನುತ್ತಾರೆ. "ಅವಳ ಎಸರು ಏಳ್ರಪ್ಪ ಒಂದ್ಸಲ."

ಮಕ್ಕಳು ಆ ಹೆಸರು ಹೇಳುತ್ತವೆ. ಅಕ್ಕಯ್ಯಮ್ಮ ಮತ್ತೊಮ್ಮೆ ಹೇಳಿಸುತ್ತಾರೆ.

"ನನ್ನ ಎಸರು ಮರೀರಿ, ಪರವಾಗಿಲ್ಲ. ಅವಳ್ದು ಮರೀಬ್ಯಾಡಿ."